ಪೈಕ್, ವಾಲೈ ಮೀನಿಗಾಗಿ ಉತ್ತರದ ಸರೋವರಕ್ಕೆ: ತಯಾರಿ ಚಳಿಗಾಲದಲ್ಲೇ ಶುರುವಾಗಲಿ

ಒಂಟಾರಿಯೊದ ಉತ್ತರ ಭಾಗದ ನಕಾಶೆ ಹರಡಿಕೊಂಡು ಕೂತರೆ ನೆಲಕ್ಕಿಂತ ನೀರೇ ಜಾಸ್ತಿ ಅನ್ನಿಸುತ್ತದೆ. ಕೆನಡಾದ ಈ ಒಂದು ಪ್ರಾಂತ್ಯದಲ್ಲೇ ಸುಮಾರು 2,50,000 ಸರೋವರಗಳಿವೆ. ಉತ್ತರಕ್ಕೆ ಹೋದಷ್ಟೂ ರಸ್ತೆ ಕಡಿಮೆ. ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನ ನಿಮ್ಮನ್ನು ಬಿಟ್ಟು ಹೋಗುತ್ತದೆ, ವಾರ ಕಳೆದ ಮೇಲೆ ಬಂದು ಕರೆದುಕೊಂಡು ಹೋಗುತ್ತದೆ. ನಡುವೆ ಅಂಗಡಿ ಇಲ್ಲ, ಫೋನ್ ಸಿಗ್ನಲ್ ಇಲ್ಲ, ಇಡೀ ಸರೋವರದಲ್ಲಿ ಇನ್ನೊಂದು ದೋಣಿ ಕಾಣದೆಯೂ ಇರಬಹುದು. ಮನೆಯಲ್ಲಿ ಮರೆತದ್ದು ಅಲ್ಲಿ ಸಿಗುವುದಿಲ್ಲ. ಹಾಗಾಗಿ ಈ ಪ್ರವಾಸದ ಮುಕ್ಕಾಲು ಕೆಲಸ ಮನೆಯಲ್ಲೇ, ಹೊರಗೆ ಹಿಮ ಬೀಳುತ್ತಿರುವಾಗಲೇ ಮುಗಿಯಬೇಕು.

ಟೊರೊಂಟೊ ಸುತ್ತಮುತ್ತಲಿನ ಕನ್ನಡದ ಗೆಳೆಯರು ಜೂನ್ ಬಂತೆಂದರೆ ಕೇಳುತ್ತಾರೆ: ‘ಮುಂದಿನ ತಿಂಗಳು ಹೋಗೋಣ ಅಂತಿದೀವಿ, ಎಲ್ಲಿ ಬುಕ್ ಮಾಡೋದು?’ ಅಷ್ಟು ಹೊತ್ತಿಗೆ ಒಳ್ಳೆಯ ವಾರಗಳೆಲ್ಲ ಹೋಗಿರುತ್ತವೆ. ಹೋದ ವರ್ಷ ಬಂದಿದ್ದವರೇ ಹೊರಡುವಾಗ ಅದೇ ವಾರವನ್ನು ಈ ವರ್ಷಕ್ಕೂ ಹಿಡಿದಿಟ್ಟಿರುತ್ತಾರೆ. ಜನವರಿಯಲ್ಲಿ ಶುರು ಮಾಡಿ.

1. ಮೊದಲು ವಾರ, ಆಮೇಲೆ ಜಾಗ

ಬಹಳ ಜನ ಮೊದಲು ಜಾಗ ಹುಡುಕುತ್ತಾರೆ, ಆಮೇಲೆ ಆಫೀಸಿನ ರಜೆ ನೋಡಿ ದಿನ ಹೊಂದಿಸುತ್ತಾರೆ. ನಾನು ಹೇಳುವುದು ಉಲ್ಟಾ. ಅದೇ ಸರೋವರ ಜೂನ್‌ನಲ್ಲಿ ಒಂದು ಥರ, ಆಗಸ್ಟ್‌ನಲ್ಲಿ ಇನ್ನೊಂದು ಥರ ಇರುತ್ತದೆ.

ಮೊದಲು ಈ ಎರಡು ಮೀನುಗಳ ಸ್ವಭಾವ ತಿಳಿದಿರಲಿ. ಪೈಕ್ ಅಂದರೆ ಬಾತುಕೋಳಿಯ ಕೊಕ್ಕಿನಂಥ ಮೂತಿ, ಹಸಿರು ಮೈ ಮೇಲೆ ತಿಳಿ ಚುಕ್ಕೆ, ಬಾಯಿ ತುಂಬ ಸೂಜಿ ಹಲ್ಲು. ನಮ್ಮೂರಿನ ಕೊರವ ಮೀನು ಕಂಡವರಿಗೆ ಇದರ ಬುದ್ಧಿ ಬೇಗ ಅರ್ಥವಾಗುತ್ತದೆ. ನೀರಗಿಡದ ಮರೆಯಲ್ಲಿ ಅಲ್ಲಾಡದೆ ನಿಂತು ಒಮ್ಮೆಗೇ ಎರಗುತ್ತದೆ. ವಾಲೈ ಹಾಗಲ್ಲ. ಗುಂಪಾಗಿ, ತಳದ ಹತ್ತಿರ ಓಡಾಡುವ ಹೊಂಬಣ್ಣದ ಮೀನು. ಅದರ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ವಾಪಸ್ ಚಿಮ್ಮಿಸುವ ಪದರ ಇರುವುದರಿಂದ ಮಬ್ಬಿನಲ್ಲೂ ಚೆನ್ನಾಗಿ ಕಾಣುತ್ತದೆ. ಅದಕ್ಕೇ ಮುಂಜಾನೆ, ಮುಸ್ಸಂಜೆ, ಮೋಡ ಕವಿದು ಗಾಳಿ ಬೀಸುವ ದಿನ ಜಾಸ್ತಿ ಕಚ್ಚುತ್ತದೆ. ಕೆನಡಾದವರು ಅದನ್ನು ಪಿಕೆರೆಲ್ ಅಂತಲೂ ಕರೆಯುತ್ತಾರೆ. ಅಂಗಡಿಯಲ್ಲಿ ಆ ಹೆಸರು ಕೇಳಿದರೆ ಬೇರೆ ಮೀನು ಅಂದುಕೊಳ್ಳಬೇಡಿ.

ಮಂಜುಗಡ್ಡೆ ಕರಗುವುದು ಮೇ ತಿಂಗಳಲ್ಲಿ. ಕರಗಿದ ಕೂಡಲೇ ಪೈಕ್ ತೆಳು ನೀರಿನ ಜೊಂಡಿನಲ್ಲಿ ಮೊಟ್ಟೆ ಇಡುತ್ತದೆ. ವಾಲೈ ಹರಿವ ನೀರಿನ ಕಲ್ಲುಗಳ ಮೇಲೆ ಇಡುತ್ತದೆ. ಜೂನ್ ಮೊದಲೆರಡು ವಾರ ಎರಡೂ ಇನ್ನೂ ದಡದ ಹತ್ತಿರವೇ ಇರುತ್ತವೆ. ತೊರೆ ಬಂದು ಸೇರುವ ಬಾಯಿ, ಸಣ್ಣ ಜಲಪಾತದ ಕೆಳಗಿನ ಮಡು, ಇಲ್ಲೆಲ್ಲ ವಾಲೈ ಸಿಗುತ್ತದೆ. ಹೊಸಬರಿಗೆ ಇದಕ್ಕಿಂತ ಸುಲಭದ ಕಾಲ ಇಲ್ಲ. ಆದರೆ ಕಪ್ಪು ನೊಣದ ಕಾಟವೂ ಆಗಲೇ ಹೆಚ್ಚು. ನೊರಜಿನಷ್ಟು ಚಿಕ್ಕದು, ಕಿವಿಯ ಹಿಂದೆ ಕಚ್ಚಿ ರಕ್ತ ಬರಿಸುತ್ತದೆ. ಜುಲೈನಲ್ಲಿ ನೀರು ಬೆಚ್ಚಗಾಗುತ್ತದೆ, ಗಿಡಗಳು ಎದ್ದು ನಿಲ್ಲುತ್ತವೆ, ಪೈಕ್ ಅದರ ಅಂಚಿನಲ್ಲಿರುತ್ತದೆ. ವಾಲೈ ಆಳಕ್ಕೆ ಸರಿದು ಕಲ್ಲಿನ ದಿಬ್ಬಗಳ ಹತ್ತಿರ ಸೇರುತ್ತದೆ. ಮಕ್ಕಳನ್ನು ಕರೆದೊಯ್ಯುವವರಿಗೆ ಆಗಸ್ಟ್ ಕೊನೆ ಒಳ್ಳೆಯದು. ಸೊಳ್ಳೆ ಕಡಿಮೆ, ರಾತ್ರಿ ಹಿತವಾದ ಚಳಿ.

ಒಂದು ಎಚ್ಚರಿಕೆ. ಉತ್ತರದ ಬಹಳಷ್ಟು ವಲಯಗಳಲ್ಲಿ ವಾಲೈ ಹಿಡಿಯಲು ಬಾಗಿಲು ತೆರೆಯುವುದು ಮೇ ಮೂರನೇ ಶನಿವಾರ. ಅದಕ್ಕಿಂತ ಮುಂಚಿನ ವಾರವನ್ನು ಬುಕ್ ಮಾಡಬೇಡಿ.

2. ಎಲ್ಲಿಂದ ಹಾರುವುದು

ರೆಡ್ ಲೇಕ್, ಸೂ ಲುಕೌಟ್, ಇಯರ್ ಫಾಲ್ಸ್, ನಕೀನಾ. ಈ ಊರುಗಳಿಂದಲೇ ಬಹಳಷ್ಟು ವಿಮಾನಗಳು ಹೊರಡುತ್ತವೆ. ಟೊರೊಂಟೊದಿಂದ ಆ ಕಡೆಯ ದೊಡ್ಡ ಊರು ಥಂಡರ್ ಬೇಗೇ ಸುಮಾರು 1,400 ಕಿ.ಮೀ. ರಸ್ತೆ. ರೆಡ್ ಲೇಕ್ ಕಡೆಗೆ ಹೋಗುವವರಿಗೆ ಪಕ್ಕದ ಪ್ರಾಂತ್ಯದ ವಿನಿಪೆಗ್ ಹತ್ತಿರ. ಅಲ್ಲಿವರೆಗೆ ದೊಡ್ಡ ವಿಮಾನದಲ್ಲಿ ಹೋಗಿ ಕಾರು ಬಾಡಿಗೆ ಹಿಡಿದರೆ ಎರಡು ದಿನ ಉಳಿಯುತ್ತದೆ.

ನೀರಿನ ವಿಮಾನ ಬಹುತೇಕ ಬೀವರ್ ಅಥವಾ ಆಟರ್ ಆಗಿರುತ್ತದೆ. ಬೀವರ್ ಮೊದಲು ಹಾರಿದ್ದು 1947ರಲ್ಲಿ. 1967ಕ್ಕೇ ತಯಾರಿ ನಿಂತರೂ ಇವತ್ತಿಗೂ ಉತ್ತರದ ಬದುಕು ಅದರ ಮೇಲೆ ನಡೆಯುತ್ತಿದೆ. ಎಂಜಿನ್ ಶುರುವಾದಾಗ ಎದೆಯೊಳಗೆ ಆಗುವ ನಡುಕವನ್ನು ನಾನು ಮರೆಯಲಾರೆ.

ಸರೋವರದ ದಡದಲ್ಲಿ ಕ್ಯಾಬಿನ್ (ಉಳಿಯುವ ಮನೆ) ಬಾಡಿಗೆಗೆ ಕೊಡುವ ಕ್ಯಾಂಪ್ ನಡೆಸುವವರಿಗೆ ಫೋನ್ ಮಾಡಿ ಮಾತಾಡಿ, ಬರೀ ಮೆಸೇಜ್ ಸಾಲದು. ಕೇಳಬೇಕಾದದ್ದು: ಆ ಸರೋವರದಲ್ಲಿ ಎಷ್ಟು ಕ್ಯಾಬಿನ್ ಇವೆ? ದೋಣಿ, ಮೋಟಾರು, ಪೆಟ್ರೋಲ್, ಲೈಫ್ ಜಾಕೆಟ್ ಬಾಡಿಗೆಯಲ್ಲೇ ಸೇರಿವೆಯೇ? ಗ್ಯಾಸ್ ಫ್ರಿಜ್ ಇದೆಯೇ? ಮೋಟಾರು ಕೆಟ್ಟರೆ ಯಾರಿಗೆ ಹೇಗೆ ಹೇಳುವುದು? ಮೋಟಾರು ದೋಣಿ ನಡೆಸಲು ಕೆನಡಾದಲ್ಲಿ ಆಪರೇಟರ್ ಕಾರ್ಡ್ ಬೇಕು, ಅದನ್ನು ಆನ್‌ಲೈನ್ ಪರೀಕ್ಷೆ ಬರೆದು ಮೊದಲೇ ಪಡೆಯಿರಿ.

ವಿಮಾನದ ಖರ್ಚು ಕೈಗೆ ಎಟುಕದಿದ್ದರೆ ಇನ್ನೊಂದು ದಾರಿ ಇದೆ. ಸಡ್‌ಬರಿಯಿಂದ ವೈಟ್ ರಿವರ್‌ಗೆ ಹೋಗುವ ವಿಯಾ ರೈಲು ಕಾಡಿನ ನಡುವೆ ಕೇಳಿದಲ್ಲಿ ನಿಲ್ಲಿಸುತ್ತದೆ, ಜೊತೆಗೆ ದೋಣಿಯನ್ನೂ ಹೇರಿಕೊಳ್ಳುತ್ತದೆ.

3. ಒಂದು ದಿನ ಎಕ್ಸ್‌ಟ್ರಾ ಇಡಿ

ನೀರಿನ ವಿಮಾನ ಹಾರುವುದು ಪೈಲಟ್ ಕಣ್ಣಿಗೆ ದಾರಿ ಕಾಣುವಾಗ ಮಾತ್ರ. ಮಂಜು, ತಗ್ಗಿದ ಮೋಡ, ಕಾಡ್ಗಿಚ್ಚಿನ ಹೊಗೆ, ಯಾವುದೇ ಒಂದು ಸಾಕು, ನಿಂತುಬಿಡುತ್ತದೆ. ನಮ್ಮ ಮೊದಲ ಪ್ರವಾಸದಲ್ಲಿ ವಾಪಸ್ ಬರುವ ದಿನ ಮಳೆ ಹಿಡಿಯಿತು. ಗಂಟುಮೂಟೆ ಕಟ್ಟಿಕೊಂಡು ದೋಣಿಕಟ್ಟೆಯ ಮೇಲೆ ಒಂದೂವರೆ ದಿನ ಆಕಾಶ ನೋಡುತ್ತ ಕೂತೆವು. ಉಳಿದದ್ದು ಅಕ್ಕಿ ಮತ್ತು ಉಪ್ಪಿನಕಾಯಿ. ಜೊತೆಗಿದ್ದ ಗೆಳೆಯನ ಟೊರೊಂಟೊ ವಿಮಾನ ತಪ್ಪಿತು, ಹೊಸ ಟಿಕೆಟ್‌ಗೆ ದುಡ್ಡು ಹೋಯಿತು. ಆಮೇಲಿನಿಂದ ನಾವು ಎರಡು ದಿನಕ್ಕಾಗುವಷ್ಟು ಊಟ ಜಾಸ್ತಿ ಒಯ್ಯುತ್ತೇವೆ. ವಾಪಸ್ ಟಿಕೆಟನ್ನು ಒಂದು ದಿನ ಬಿಟ್ಟೇ ತೆಗೆಯುತ್ತೇವೆ.

4. ಲೈಸೆನ್ಸ್ ಮತ್ತು ಲೆಕ್ಕ

ಒಂಟಾರಿಯೊದಲ್ಲಿ ಮೀನು ಹಿಡಿಯಲು ಔಟ್‌ಡೋರ್ಸ್ ಕಾರ್ಡ್ ಬೇಕು, ಅದರ ಜೊತೆಗೆ ಲೈಸೆನ್ಸ್. ಲೈಸೆನ್ಸ್‌ನಲ್ಲಿ ಎರಡು ಬಗೆ: ಸ್ಪೋರ್ಟ್ ಮತ್ತು ಕನ್ಸರ್ವೇಶನ್. ಎರಡನೆಯದು ಅಗ್ಗ, ಇಟ್ಟುಕೊಳ್ಳಬಹುದಾದ ಮೀನೂ ಕಡಿಮೆ. ಹಿಡಿದು ಬಿಡುವುದೇ ಜಾಸ್ತಿ ಅನ್ನುವವರಿಗೆ ಅದು ಧಾರಾಳ ಸಾಕು. ಕೆನಡಾದ ನಿವಾಸಿಗಳಲ್ಲಿ 65 ದಾಟಿದವರು ಲೈಸೆನ್ಸ್ ಕೊಳ್ಳಬೇಕಿಲ್ಲ, ಗುರುತಿನ ಚೀಟಿ ಸಾಕು. ಆದರೆ ಬೆಂಗಳೂರಿನಿಂದ ಮಕ್ಕಳನ್ನು ನೋಡಲು ಬಂದ ಅಪ್ಪ ಅಮ್ಮನಿಗೆ ಈ ರಿಯಾಯಿತಿ ಇಲ್ಲ. ಅವರು ಗಾಳ ಹಿಡಿಯುವುದಾದರೆ ಹೊರದೇಶದವರ ಲೈಸೆನ್ಸ್ ಮಾಡಿಸಿ.

ಪ್ರಾಂತ್ಯವನ್ನು 20 ವಲಯಗಳಾಗಿ ಹಂಚಿದ್ದಾರೆ. ರೆಡ್ ಲೇಕ್, ಸೂ ಲುಕೌಟ್ ಇರುವುದು ವಲಯ 4ರಲ್ಲಿ. ಅಲ್ಲಿ ಸ್ಪೋರ್ಟ್ ಲೈಸೆನ್ಸ್‌ಗೆ 4 ವಾಲೈ, ಕನ್ಸರ್ವೇಶನ್‌ಗೆ 2. ಅದರಲ್ಲಿ 46 ಸೆಂ.ಮೀ.ಗಿಂತ ದೊಡ್ಡದು ಒಂದೇ ಇರಬಹುದು. ಪೈಕ್‌ನಲ್ಲಿ 70ರಿಂದ 90 ಸೆಂ.ಮೀ. ನಡುವಿನದನ್ನು ಇಟ್ಟುಕೊಳ್ಳುವ ಹಾಗಿಲ್ಲ. ಕೆಲವು ಸರೋವರಗಳಿಗೆ ಬೇರೆಯೇ ನಿಯಮ ಇರುತ್ತದೆ, ಆ ವರ್ಷದ ಸರ್ಕಾರಿ ಪುಸ್ತಿಕೆಯಲ್ಲಿ ನೋಡಿಕೊಂಡೇ ಹೊರಡಿ. ‘ದಿನಕ್ಕೆ 4 ಅಂದ್ರೆ ವಾರಕ್ಕೆ 28 ಅಲ್ವಾ?’ ಅಂತ ಕೇಳುವವರಿದ್ದಾರೆ. ಅಲ್ಲ. ಯಾವುದೇ ಹೊತ್ತಿನಲ್ಲಿ ನಿಮ್ಮ ಹತ್ತಿರ ಇರಬಹುದಾದದ್ದೇ 4, ಫ್ರಿಜ್‌ನಲ್ಲಿರುವುದೂ ಸೇರಿ.

ಉತ್ತರದ ಈ ನೀರು ಯಾರದೂ ಅಲ್ಲದ ನೀರಲ್ಲ. 1873ರ ಟ್ರೀಟಿ 3, 1905ರ ಟ್ರೀಟಿ 9ರಂಥ ಸರ್ಕಾರ ಮೂಲನಿವಾಸಿಗಳ ಜೊತೆ ಮಾಡಿಕೊಂಡ ಒಪ್ಪಂದಗಳ ನೆಲ. ಆನಿಶಿನಾಬೆ, ಕ್ರೀ ಜನ ತಲೆತಲಾಂತರದಿಂದ ಇಲ್ಲಿ ಬಲೆ ಹಾಕುತ್ತ ಬಂದಿದ್ದಾರೆ. ಬಲೆಯ ಬೆಂಡು ಕಂಡರೆ ದೂರದಿಂದ ಸುತ್ತಿ ಹೋಗಿ.

5. ಗಾಳದ ಸಾಮಾನು: ಕಡಿಮೆ, ಆದರೆ ಸರಿಯಾದದ್ದು

ವಿಮಾನದಲ್ಲಿ ಪ್ರತಿಯೊಬ್ಬರಿಗೂ ಇಷ್ಟೇ ತೂಕ ಅಂತ ಇರುತ್ತದೆ. ಮನೆಯಲ್ಲೇ ತೂಗಿ. ಗಟ್ಟಿ ಸೂಟ್‌ಕೇಸ್ ಬೇಡ, ಮೆತ್ತನೆಯ ಬ್ಯಾಗ್ ಇರಲಿ, ಅದು ಸಂದಿಗಳಲ್ಲಿ ತುರುಕಲು ಬರುತ್ತದೆ.

ಒಬ್ಬರಿಗೆ ಎರಡು ರಾಡ್ ಸಾಕು. ವಾಲೈಗೆ ಹಗುರದ್ದು, 8 ಪೌಂಡ್ ಎಳೆತ ತಾಳುವ ಲೈನ್. ಪೈಕ್‌ಗೆ ಗಟ್ಟಿಯಾದದ್ದು, 30 ಪೌಂಡ್ ಹೆಣೆದ ಲೈನ್. ಪೈಕ್‌ನ ಲೈನಿಗೆ ತಂತಿ ಲೀಡರ್ (ಲೈನಿನ ತುದಿಗೆ ಕಟ್ಟುವ ಗಿಡ್ಡ ತಂತಿ) ಕಡ್ಡಾಯ ಅಂತಲೇ ತಿಳಿಯಿರಿ. ಬರೀ ಲೈನಿಗೆ ಕಟ್ಟಿದ ಸ್ಪೂನನ್ನು (ಚಮಚದಾಕಾರದ ಲೋಹದ ಗಾಳ) ಪೈಕ್ ಕತ್ತರಿ ಹಾಕಿದಂತೆ ಕಡಿದುಕೊಂಡು ಹೋಗುತ್ತದೆ. ನಿಮ್ಮ ಗಾಳ ಅದರ ಬಾಯಲ್ಲೇ ಉಳಿಯುತ್ತದೆ, ಬೇಸರ ಅದೇ. ಕೆಂಪು ಬಿಳಿ ಪಟ್ಟೆಯ ಸ್ಪೂನ್ ನಾಲ್ಕು, ಹಳದಿಯವು ಒಂದೆರಡು ಇದ್ದರೆ ಸಾಕು.

ವಾಲೈಗೆ ಬೇಕಾದದ್ದು ಜಿಗ್: ತುದಿಯಲ್ಲಿ ಗುಂಡು ಇರುವ ಗಾಳ. ಕಾಲು ಔನ್ಸಿನವು ಮೂವತ್ತಾದರೂ ಇರಲಿ, ಕಲ್ಲಿಗೆ ಸಿಕ್ಕಿ ಹೋಗುತ್ತಿರುತ್ತವೆ. ಅದಕ್ಕೆ ಬಿಳಿ, ಹಳದಿ ರಬ್ಬರ್ ಬಾಲ. ಎರೆಹುಳ ಅಥವಾ ಜಿಗಣೆ ಚುಚ್ಚಿದರೆ ಇನ್ನೂ ಒಳ್ಳೆಯದು. ಮಲೆನಾಡಿನವರಿಗೆ ಕೇಳಿದರೆ ಮೈ ಜುಮ್ಮೆನ್ನಬಹುದು, ಇಲ್ಲಿ ಜಿಗಣೆಯನ್ನು ಡಜನ್ ಲೆಕ್ಕದಲ್ಲಿ ದುಡ್ಡು ಕೊಟ್ಟು ತರುತ್ತಾರೆ. ಹೊರಗಿನಿಂದ ಒಂಟಾರಿಯೊಗೆ ಜೀವಂತ ಮೀನು, ಜಿಗಣೆ ತರುವಂತಿಲ್ಲ.

ದೋಣಿಯನ್ನು ಗಾಳಿ ಬೀಸುವ ದಿಕ್ಕಿಗೆ ಸುಮ್ನೆ ತೇಲಲು ಬಿಡಿ. ಜಿಗ್ ತಳ ಮುಟ್ಟುವವರೆಗೆ ಬಿಟ್ಟು, ಒಂದು ಅಡಿ ಎತ್ತಿ, ಮತ್ತೆ ಇಳಿಸಿ. ವಾಲೈ ಎಳೆಯುವುದಿಲ್ಲ. ಯಾರೋ ಬೆರಳ ತುದಿಯಿಂದ ರಾಡ್‌ಗೆ ಒಂದು ಸಲ ತಟ್ಟಿದ ಹಾಗೆ ‘ಟಕ್’ ಅನ್ನುತ್ತದೆ, ಅಷ್ಟೇ. ಬಹಳ ಸಲ ಅದು ಜಿಗ್ ಕೆಳಗೆ ಬೀಳುವಾಗಲೇ ಆಗುತ್ತದೆ. ಹಾಗಾಗಿ ಇಳಿಸುವಾಗಲೂ ಲೈನ್ ಬಿಗಿಯಾಗಿರಲಿ. ಆ ತಟ್ಟು ಕೈಗೆ ಪರಿಚಯವಾಗಲು ಅರ್ಧ ದಿನ ಬೇಕು. ಒಮ್ಮೆ ಪರಿಚಯವಾದರೆ ಕತ್ತಲಲ್ಲೂ ತಪ್ಪುವುದಿಲ್ಲ.

6. ಬಿಡುವ ಮೀನು ಬದುಕಬೇಕು

ಈ ತಣ್ಣನೆ ನೀರಿನಲ್ಲಿ ಮೀನು ಬಹಳ ನಿಧಾನ ಬೆಳೆಯುತ್ತದೆ. ಮೀಟರ್ ಉದ್ದದ ಪೈಕ್‌ಗೆ ಹದಿನೈದು ವರ್ಷ ದಾಟಿರಬಹುದು, ಅಷ್ಟು ದೊಡ್ಡದು ಬಹುಮಟ್ಟಿಗೆ ಹೆಣ್ಣೇ. ಅದನ್ನು ಕೊಂದರೆ ಆ ಜಾಗ ತುಂಬಲು ಮತ್ತೆ ಅಷ್ಟು ವರ್ಷ ಬೇಕು. ಆದ್ದರಿಂದ ಗಾಳದ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಕೊಳ್ಳಿ, ತೆಗೆಯಲು ಸುಲಭ. ಉದ್ದ ಮೂತಿಯ ಇಕ್ಕಳ ಮರೆಯಲೇಬೇಡಿ, ಬೆರಳನ್ನು ಪೈಕ್‌ನ ಬಾಯಿಗೆ ಹಾಕಬೇಡಿ. ಫೋಟೊಗೆ ಎತ್ತುವಾಗ ಒಂದು ಕೈ ಹೊಟ್ಟೆಯ ಕೆಳಗಿರಲಿ. ಬಾಯಿಂದ ಜೋತಾಡಿಸಬೇಡಿ. ನಿಮ್ಮ ಉಸಿರು ಹಿಡಿದುಕೊಂಡೇ ಫೋಟೊ ತೆಗೆಸಿಕೊಳ್ಳಿ. ನಿಮಗೆ ಉಸಿರು ಬೇಕಾದಾಗ ಅದಕ್ಕೂ ಬೇಕಾಗಿರುತ್ತದೆ. ನೀರಿನಲ್ಲಿ ಬಾಲದ ಬುಡ ಹಿಡಿದು ನಿಲ್ಲಿಸಿ, ತಾನಾಗಿ ಕೈ ಕೊಸರಿಕೊಂಡು ಹೋಗಲಿ. ವಾಲೈಯನ್ನು 30 ಅಡಿಗಿಂತ ಆಳದಿಂದ ಎಳೆದರೆ ಒಳಗಿನ ಗಾಳಿಚೀಲ ಉಬ್ಬಿ, ಬಿಟ್ಟರೂ ಬದುಕುವುದು ಕಷ್ಟ. ತಿನ್ನಲು ಸಾಕಾದ ಮೇಲೆ ಅಷ್ಟು ಆಳದಲ್ಲಿ ಗಾಳ ಹಾಕಬೇಡಿ.

7. ನೀರು, ನೊಣ, ಕರಡಿ

ಲೈಫ್ ಜಾಕೆಟ್ ದೋಣಿಯಲ್ಲಿದ್ದರೆ ಸಾಲದು, ಮೈಮೇಲೆ ಇರಬೇಕು. ತಣ್ಣೀರಿಗೆ ಬಿದ್ದವರ ಬಗ್ಗೆ ಇಲ್ಲಿ 1-10-1 ಅಂತ ಹೇಳಿಕೊಡುತ್ತಾರೆ. ಉಸಿರು ಹತೋಟಿಗೆ ಬರಲು 1 ನಿಮಿಷ, ಕೈಕಾಲು ಕೆಲಸ ಮಾಡುವುದು 10 ನಿಮಿಷ, ಚಳಿಯಿಂದ ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ. ಆ ಹತ್ತು ನಿಮಿಷ ಆದಮೇಲೆ ಈಜು ಗೊತ್ತಿದ್ದರೂ ಕೈ ಆಡುವುದಿಲ್ಲ.

ಸ್ಯಾಟಲೈಟ್ ಮೂಲಕ ಮೆಸೇಜ್ ಕಳಿಸುವ ಇನ್‌ರೀಚ್‌ನಂಥ ಸಾಧನ ಒಂದು ಇರಲಿ. ತಲೆಗೆ ಸೊಳ್ಳೆ ಬಲೆ, ಸೊಳ್ಳೆ ಓಡಿಸುವ ಡೀಟ್ ಇರುವ ಲೋಶನ್, ಅವರವರ ಮಾತ್ರೆ, ಬ್ಯಾಂಡೇಜ್ ಮರೆಯಬೇಡಿ. ಕರಡಿ ಸ್ಪ್ರೇ ಇದ್ದರೆ ಪೈಲಟ್‌ಗೆ ಮೊದಲೇ ಹೇಳಿ, ಅದನ್ನು ವಿಮಾನದಲ್ಲಿ ಜನ ಕೂರುವ ಕಡೆ ಇಡಬಾರದು. ದೊಡ್ಡ ವಿಮಾನದಲ್ಲಿ ಒಯ್ಯಲು ಬಿಡುವುದೇ ಇಲ್ಲ, ಅಲ್ಲೇ ಕೊಳ್ಳಬೇಕು. ಮೀನಿನ ತಲೆ, ಕರುಳನ್ನು ಮಾಲೀಕರು ತೋರಿಸಿದ ಜಾಗದಲ್ಲೇ ಹಾಕಿ.

8. ದಡದ ಮೇಲಿನ ಊಟ

ಮಧ್ಯಾಹ್ನ ದೋಣಿ ದಡಕ್ಕೆ ಕಟ್ಟಿ, ಬೆಳಿಗ್ಗೆ ಹಿಡಿದ ವಾಲೈಯನ್ನು ಅಲ್ಲೇ ಕರಿದು ತಿನ್ನುವುದು ಇಲ್ಲಿನ ಹಳೇ ಪದ್ಧತಿ. ಅವರು ಕಬ್ಬಿಣದ ಬಾಣಲೆಯಲ್ಲಿ ಹಿಟ್ಟು ಸವರಿ ಕರಿಯುತ್ತಾರೆ, ಜೊತೆಗೆ ಆಲೂಗಡ್ಡೆ, ಡಬ್ಬಿಯ ಬೀನ್ಸ್. ನಾವು ಮನೆಯಿಂದ ಮಸಾಲೆ ಒಯ್ಯುತ್ತೇವೆ. ಬ್ಯಾಡಗಿ ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಸೆಹಣ್ಣು, ಉಪ್ಪು, ಸ್ವಲ್ಪ ಅರಿಶಿನ. ಗಟ್ಟಿಯಾಗಿ ರುಬ್ಬಿ ಡಬ್ಬಿಯಲ್ಲಿ ಹಾಕಿ ಫ್ರೀಜ್ ಮಾಡಿದರೆ ವಾರ ಬರುತ್ತದೆ. ತುಂಡಿಗೆ ಸವರಿ, ಹತ್ತು ನಿಮಿಷ ಬಿಟ್ಟು, ಚಿರೋಟಿ ರವೆಯಲ್ಲಿ ಹೊರಳಿಸಿ ಎಣ್ಣೆಗೆ ಬಿಡಿ. ವಾಲೈ ಮಾಂಸ ಬೆಳ್ಳಗೆ, ಸಿಹಿಯಾಗಿ, ಪದರು ಪದರಾಗಿ ಬಿಡಿಸಿಕೊಳ್ಳುತ್ತದೆ. ಪೈಕ್ ರುಚಿಯೂ ಚೆನ್ನ, ಆದರೆ ಇಂಗ್ಲಿಷ್ ವೈ ಅಕ್ಷರದ ಆಕಾರದ ಮುಳ್ಳು ಸಾಲಾಗಿರುತ್ತದೆ. ಅದನ್ನು ಬಿಡಿಸುವುದನ್ನು ಮನೆಯಲ್ಲೇ ವಿಡಿಯೊ ನೋಡಿ ಕಲಿತು ಹೋಗಿ.

ತಿನ್ನಲು ಚಿಕ್ಕದನ್ನೇ ಆರಿಸಿ. ದೊಡ್ಡ ಮೀನಿನಲ್ಲಿ ಪಾದರಸ ಜಾಸ್ತಿ ಸೇರಿರುತ್ತದೆ. ಯಾವ ಸರೋವರದ, ಎಷ್ಟು ಉದ್ದದ ಮೀನನ್ನು ತಿಂಗಳಿಗೆ ಎಷ್ಟು ಸಲ ತಿನ್ನಬಹುದು ಅಂತ ಒಂಟಾರಿಯೊ ಸರ್ಕಾರದ ಪಟ್ಟಿ ಇದೆ. ಬಸುರಿಯರಿಗೆ, ಮಕ್ಕಳಿಗೆ ಬೇರೆ ಲೆಕ್ಕ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 1962ರಿಂದ 1970ರವರೆಗೆ ಇದೇ ಪ್ರಾಂತ್ಯದ ಡ್ರೈಡನ್‌ನ ಕಾರ್ಖಾನೆಯಿಂದ ವಾಬಿಗೂನ್ ನದಿಗೆ ಸುಮಾರು 9 ಟನ್ ಪಾದರಸ ಹರಿಯಿತು. ಅದರ ಕೆಳಹರಿವಿನ ವಾಲೈ ತಿಂದು ಬದುಕಿದ್ದ ಗ್ರಾಸಿ ನ್ಯಾರೋಸ್ ಎಂಬ ಆನಿಶಿನಾಬೆ ಊರಿನ ಜನರ ಮೈ ಇವತ್ತಿಗೂ ಅದರ ನೋವು ತಿನ್ನುತ್ತಿದೆ.

9. ಹೊರಡುವ ದಿನ

ಮನೆಗೆ ಒಯ್ಯುವ ಮೀನಿನ ಪ್ರತಿ ತುಂಡಿನ ಮೇಲೂ ಸ್ವಲ್ಪ ಚರ್ಮ ಬಿಡಿ. ಯಾವ ಮೀನು, ಎಷ್ಟು ಅಂತ ಅಧಿಕಾರಿಗೆ ಎಣಿಸಲು ಬರಬೇಕು. ಎಲ್ಲವನ್ನೂ ಒಂದೇ ಮುದ್ದೆ ಮಾಡಿ ಫ್ರೀಜ್ ಮಾಡಬೇಡಿ, ಒಂದೊಂದು ತುಂಡನ್ನೂ ಚಪ್ಪಟೆಯಾಗಿ ಬೇರೆ ಬೇರೆ ಚೀಲದಲ್ಲಿ ಇಡಿ. ಕಸವನ್ನೆಲ್ಲ ಚೀಲಕ್ಕೆ ತುಂಬಿ ವಿಮಾನಕ್ಕೇ ಹಾಕಿ. ಬೆಳಿಗ್ಗೆ ಏಳಕ್ಕೆ ವಿಮಾನ ಅಂದಿದ್ದರೆ ಆರಕ್ಕೇ ಸಾಮಾನು ದೋಣಿಕಟ್ಟೆಯ ಮೇಲಿರಲಿ. ಪೈಲಟ್‌ಗೆ ಆ ದಿನ ಇನ್ನೂ ಮೂರ್ನಾಲ್ಕು ಸರೋವರ ಕಾಯುತ್ತಿರುತ್ತವೆ. ಒಂದು ರಾಡ್ ಮಾತ್ರ ಬಿಚ್ಚದೆ ಹೊರಗೆ ಇಟ್ಟುಕೊಳ್ಳಿ, ಕಟ್ಟೆಯ ಕೆಳಗಿನ ನೆರಳಿನಲ್ಲೂ ಪೈಕ್ ನಿಂತಿರುತ್ತದೆ.