ವಿಜಯಪುರದ ಹುಡುಗರ ಗಾಲಿ ಹಿಡಿದು ಕಾರವಾರದವರೆಗೆ: ನನ್ನ ಅನುಭವ

2025ರ ಜನವರಿಯ ಒಂದು ಬುಧವಾರ ಕುಮಟಾದಿಂದ ಕಾರವಾರಕ್ಕೆ ಹೋಗಿ ವಾಪಸ್ ಬಂದೆ. ಜೊತೆಗಿದ್ದವರು ವಿಜಯಪುರ ಕಡೆಯ ನಾಲ್ಕು ಹುಡುಗರು. ಮೂವರು ರಾಷ್ಟ್ರಮಟ್ಟದಲ್ಲಿ ಓಡಿಸಿದವರು, ಅವರಲ್ಲಿ ಇಬ್ಬರಿಗೆ ಸೈಕಲ್ಲೇ ರೈಲ್ವೆಯಲ್ಲಿ ಕೆಲಸ ಕೊಡಿಸಿದೆ. ಹೋಗಿ ಬಂದದ್ದು ಸುಮಾರು 138 ಕಿ.ಮೀ. ಚಹಾಕ್ಕೆ ನಿಂತದ್ದು ಬಿಟ್ಟರೆ ಗಾಲಿ ತಿರುಗಿದ್ದು ನಾಲ್ಕೂಕಾಲು ಗಂಟೆ. ನನಗೆ ಆಗ 48. ಒಮ್ಮೆಯೂ ಡ್ರಾಪ್ ಆಗಲಿಲ್ಲ, ಅಂದರೆ ಗುಂಪಿನಿಂದ ಕಳಚಿ ಹಿಂದೆ ಬೀಳಲಿಲ್ಲ.

ಇದನ್ನು ಬರೆಯಲು ಕಾರಣವಿದೆ. ಮೂರು ವರ್ಷ ನಮ್ಮ ಊರಿನ ಸೈಕಲ್ ಗೆಳೆಯರೆಲ್ಲ ಆಗುವುದಿಲ್ಲ ಎಂದೇ ಹೇಳಿದ್ದರು. "ಮಾರಾಯಾ, ಅವರು ಸಂಬಳ ತಗೊಂಡು ಸೈಕಲ್ ಹೊಡೆಯೋರು. ನೀನು ಅಂಗಡಿ ಬಾಗಿಲು ಹಾಕಿ ಹೊಡೆಯೋನು" ಅಂದಿದ್ದ ಒಬ್ಬ. ಅವನು ನಾಲ್ಕು ಸಲ ಬ್ರೆವೆ (ಗಡುವಿನೊಳಗೆ ಮುಗಿಸಬೇಕಾದ ದೂರದ ಸವಾರಿ) ಮುಗಿಸಿದವನು, 200 ಕಿ.ಮೀ.ಯನ್ನು ಹದಿಮೂರೂವರೆ ಗಂಟೆಯ ಗಡುವಿಗೆ ಎಷ್ಟೋ ಮೊದಲೇ ಮುಗಿಸುವವನು. ಅವನ ಮಾತನ್ನು ತಳ್ಳಿಹಾಕುವಂತೆಯೂ ಇರಲಿಲ್ಲ.

ಆ ಹುಡುಗರಲ್ಲಿ ಒಬ್ಬನ ಅಕ್ಕನ ಮನೆ ಅಂಕೋಲಾದಲ್ಲಿದೆ. ಹಾಗಾಗಿ ಪ್ರತಿ ಜನವರಿ ಎರಡು ವಾರ ಅವರು ನಮ್ಮ ಕಡೆ ಬರುತ್ತಾರೆ. ವಿಜಯಪುರದಲ್ಲಿ ಏರು ಕಡಿಮೆ. ಇಲ್ಲಿ ಸಮುದ್ರದ ಮಟ್ಟದಿಂದ ಹೊರಟು ದೇವಿಮನೆ ಘಟ್ಟ ಹತ್ತಿ ಶಿರಸಿ ಮುಟ್ಟಬಹುದು, ಅಂಕೋಲಾದಿಂದ ಅರಬೈಲು ಘಟ್ಟ ಹತ್ತಿ ಯಲ್ಲಾಪುರಕ್ಕೆ ಹೋಗಬಹುದು. 2022ರಲ್ಲಿ ಮೊದಲ ಸಲ ಪರಿಚಯವಾದಾಗ, ನಾನೂ ಬರುತ್ತೇನೆ ಎಂದು ಹೊರಟೆ. ಕುಮಟಾದಿಂದ ಮಿರ್ಜಾನ್ ಹತ್ತು ಹನ್ನೊಂದು ಕಿ.ಮೀ. ಅಷ್ಟರಲ್ಲೇ ಅವರ ಬೆನ್ನು ಕಾಣದಾಯಿತು.

ನಾನು ಮಾಡಿದ ಮೊದಲ ತಪ್ಪು ದಿನದ್ದು. ಹೋದದ್ದು ಮಂಗಳವಾರ. ಅವರಿಗೆ ಮಂಗಳವಾರ, ಗುರುವಾರ ಇಂಟರ್ವಲ್, ಅಂದರೆ ಜೋರಾಗಿ ಹೊಡೆದು, ಸ್ವಲ್ಪ ಸುಧಾರಿಸಿಕೊಂಡು, ಮತ್ತೆ ಜೋರಾಗಿ ಹೊಡೆಯುವ ಅಭ್ಯಾಸ. ಆ ದಿನ ಅವರ ಜೊತೆ ಹೋಗುವುದೆಂದರೆ ಅವರ ಹೊಟ್ಟೆಪಾಡಿನ ನಡುವೆ ನುಗ್ಗಿದ ಹಾಗೆ. ಬುಧವಾರ, ಶನಿವಾರ ಮಾತಾಡುತ್ತ ಹೋಗುವ ಉದ್ದದ ಸವಾರಿ. ಅವರಿಗೆ ಮಾತಾಡುವ ವೇಗ ಅಂದರೆ ಗಂಟೆಗೆ 32, 33 ಕಿ.ಮೀ. ನಾವು ಒಂಟಿಯಾಗಿ ಹೋದರೆ ಆ ವೇಗ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ನಡೆಯುವುದಿಲ್ಲ. ಎರಡನೇ ತಪ್ಪು, ಹಿಂದೆ ಕೂತು ಕೂತು ಸಂಕೋಚವಾಗಿ ನನ್ನ ಪಾಲಿನ ಪುಲ್ (ಸಾಲಿನ ಮುಂದೆ ಗಾಳಿ ಸೀಳುವ ಸರದಿ) ಕೊಡಲು ಮುಂದೆ ಹೋದದ್ದು. ಹುರುಪಿನಲ್ಲಿ 37ಕ್ಕೆ ಏರಿಸಿದೆ, ಅರ್ಧ ಕಿ.ಮೀ.ಗೆ 28ಕ್ಕೆ ಇಳಿದೆ. ಹಿರಿಯ ಹುಡುಗ ಪಕ್ಕಕ್ಕೆ ಬಂದು ಮೆತ್ತಗೆ ಹೇಳಿದ: "ಅಣ್ಣಾರ, ನೀವು ಮುಂದ ಬರಬ್ಯಾಡ್ರಿ. ಹಿಂದ ಕೂಡ್ರಿ, ಗಾಲಿ ಬಿಡಬ್ಯಾಡ್ರಿ, ಅಷ್ಟ ಸಾಕು. ನೀವು ಮುಂದ ಬಂದ್ರ ನಮ್ಮ ಲಯ ಕೆಡ್ತದ." ಬೇಸರವಾಯಿತು. ಆದರೆ ಮೂರು ವರ್ಷ ನಾನು ಮಾಡಿದ ಎಲ್ಲ ಕೆಲಸದ ಬೀಜ ಆ ಮಾತಿನಲ್ಲೇ ಇತ್ತು. ಅವರಷ್ಟು ಬಲ ನನಗೆ ಈ ಜನ್ಮದಲ್ಲಿ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಅವರು ಸೀಳಿದ ಗಾಳಿಯಲ್ಲಿ ಖರ್ಚಿಲ್ಲದೆ ಕೂರುವುದನ್ನು ಕಲಿತರೆ ಸಾಕು.

ಇದು ತಲೆಗೆ ಇಳಿಯುವ ಮೊದಲು ಒಂದು ವರ್ಷ ದುಡ್ಡು ಸುಟ್ಟೆ. ಬೆಂಗಳೂರಿನ ಒಬ್ಬರಿಂದ ಸೆಕೆಂಡ್ ಹ್ಯಾಂಡ್ ಕಾರ್ಬನ್ ಗಾಲಿ ತರಿಸಿದೆ, ಸುಮಾರು 38 ಸಾವಿರ. ನನ್ನದು ರಿಮ್ ಬ್ರೇಕಿನ ಸೈಕಲ್, ಬ್ರೇಕ್ ಹಿಡಿಯುವುದು ಗಾಲಿಯ ಅಂಚನ್ನೇ; ಕಾರ್ಬನ್ ಅಂಚು ಒದ್ದೆಯಾದರೆ ಜಾರುತ್ತದೆ. ಜೂನ್ ಮಳೆಯಲ್ಲಿ ಕತಗಾಲದ ಇಳಿಜಾರಿನಲ್ಲಿ ಬ್ರೇಕ್ ಹಿಡಿದರೆ ಎರಡು ಸುತ್ತು ತಿರುಗಿದ ಮೇಲೆ ಹಿಡಿಯುತ್ತಿತ್ತು. ಎದುರಿಗೆ ಲಾರಿ. ಅಂದೇ ಬಿಚ್ಚಿಟ್ಟು, ದೀಪಾವಳಿಗೆ 22 ಸಾವಿರಕ್ಕೆ ಮಾರಿದೆ. ಅಲ್ಲಿಗೆ 16 ಸಾವಿರ ಹೋಯಿತು. ಅದರ ಬದಲು ಮೊದಲೇ ತಗೊಳ್ಳಬೇಕಿದ್ದದ್ದು ಎದೆಗೆ ಕಟ್ಟುವ ಹಾರ್ಟ್ ರೇಟ್ ಪಟ್ಟಿ, ನಾಲ್ಕು ಸಾವಿರದ ಒಳಗೆ ಬಂತು. ಟೈರ್ 25 ಮಿ.ಮೀ.ಯದು ತೆಗೆದು 28ರದು ಹಾಕಿ, ಗಾಳಿಯ ಒತ್ತಡ 100 ಪಿಎಸ್‌ಐಯಿಂದ 72ಕ್ಕೆ ಇಳಿಸಿದೆ. ನನ್ನ ತೂಕ 74. ಅಗಲೀಕರಣದ ಜಲ್ಲಿ ಚೆಲ್ಲಿದ ಹೆದ್ದಾರಿಯಲ್ಲಿ ಕೈಗೆ ಜೋಮು ಬರುವುದು ನಿಂತದ್ದೇ ಲಾಭ.

ಎಂಟು ತಿಂಗಳು ನಿಧಾನ ಓಡಿಸಿದೆ. ಎದೆಬಡಿತ 135 ದಾಟಬಾರದು, ಮಿರ್ಜಾನಿನ ಏರಿನಲ್ಲೂ ದಾಟಬಾರದು. ಬೆಳಿಗ್ಗೆ ಹಾಲಿನ ವ್ಯಾನ್ ಓವರ್‌ಟೇಕ್ ಮಾಡುತ್ತಿತ್ತು, ಆಮೇಲೆ ಶಾಲೆ ಮಕ್ಕಳೂ ಮಾಡಿದರು. ಗೆಳೆಯರು ಕಾಯಿಲೆಯೇ ಎಂದು ಕೇಳಿದರು. ಕುಮಟಾದಿಂದ ಅಂಕೋಲಾ 33 ಕಿ.ಮೀ. ಆಸುಪಾಸು. ಶುರುವಿನಲ್ಲಿ ಅದೇ ಬಡಿತಕ್ಕೆ ಒಂದೂವರೆ ಗಂಟೆಗೂ ಮೇಲೆ ಹಿಡಿಯುತ್ತಿತ್ತು. ಎಂಟನೇ ತಿಂಗಳಿಗೆ ಒಂದು ಗಂಟೆ ಹದಿನೆಂಟು ನಿಮಿಷ. ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುವುದೇ. ಆದರೆ ಯಾರೂ ಮಾಡುವುದಿಲ್ಲ.

ಎಲ್ಲರಿಗೂ ನಂಬಿಕೆ ಬಾರದ ಭಾಗ ಮೊಪೆಡ್‌ದು. ಗಾಲಿ ಹಿಡಿಯುವ ಅಭ್ಯಾಸ ಮಾಡಬೇಕೆಂದರೆ ಮುಂದೆ 34ರಲ್ಲಿ ಒಂದೇ ಸಮ ಹೋಗುವವರು ಬೇಕು. ಕುಮಟಾದಲ್ಲಿ ಅಂಥವರು ಎಲ್ಲಿದ್ದಾರೆ? ಅಕ್ಕನ ಮಗನ ಬಳಿ ಹಳೆಯ ಟಿವಿಎಸ್ ಎಕ್ಸೆಲ್ ಇತ್ತು. "ಮಾವಾ, ಬಿದ್ದರೆ ಅಮ್ಮ ನನ್ನನ್ನೇ ಬೈತಾಳೆ" ಎಂದ. ಪೆಟ್ರೋಲು ನನ್ನದು, ಮೇಲೆ ವಾರಕ್ಕೆ 300 ರೂಪಾಯಿ ಎಂದು ಒಪ್ಪಿಸಿದೆ. ಹೆದ್ದಾರಿಯಲ್ಲಿ ಅಲ್ಲ. ಲಾರಿ ಬಾರದ ಒಂದು ಒಳರಸ್ತೆ, ಸೂರ್ಯ ಹುಟ್ಟುವ ಹೊತ್ತು, ನಾಲ್ಕು ಕಿ.ಮೀ. ಆ ರಸ್ತೆ ಯಾವುದೆಂದು ಬರೆಯುವುದಿಲ್ಲ, ಬರೆದರೆ ಅಲ್ಲೂ ಗಾಡಿ ಬರುತ್ತದೆ. ಕರಾರು ಒಂದೇ: ಏನೇ ಅಡ್ಡ ಬಂದರೂ ಅವನು ಬ್ರೇಕ್ ಹಿಡಿಯುವಂತಿಲ್ಲ, ಎಡಗೈ ಎತ್ತಿ ಎಕ್ಸಿಲರೇಟರ್ ಸಡಿಲಿಸಬೇಕು, ಪಕ್ಕಕ್ಕೆ ಹೋಗುವವನು ನಾನು.

ಮೊದಲ ತಿಂಗಳು ಎರಡು ಮೀಟರ್ ಹಿಂದೆಯೇ ಉಳಿದೆ, ಕಣ್ಣು ಅವನ ಹಿಂದಿನ ಟೈರಿಗೇ ಅಂಟಿತ್ತು. ಕಣ್ಣು ಟೈರಿಗೆ ಅಂಟಿದರೆ ಕುತ್ತಿಗೆ ಬಿಗಿಯುತ್ತದೆ, ಬೆರಳು ಬ್ರೇಕಿಗೆ ಹೋಗುತ್ತದೆ. ಅವನ ಭುಜದ ಮೇಲಿಂದ ಆಚೆಯ ರಸ್ತೆ ನೋಡಲು ಶುರುಮಾಡಿದ ಮೇಲೆ ಅರ್ಧ ಮೀಟರಿಗೆ ಬಂದೆ. ಬ್ರೇಕಿನ ಬದಲು ಎದೆ ಎತ್ತಿ ಗಾಳಿಗೆ ಒಡ್ಡುವುದು ಅಭ್ಯಾಸವಾಯಿತು. ವೇಗ ಅಷ್ಟಕ್ಕೇ ಸಾಕಷ್ಟು ಇಳಿಯುತ್ತದೆ. ಪೆಡಲ್ ಮಾತ್ರ ನಿಲ್ಲಿಸಬಾರದು. ನಾಲ್ಕನೇ ತಿಂಗಳಲ್ಲಿ ಒಂದು ಸಲ ಬಿದ್ದೆ. ಅದು ಮೊಪೆಡ್‌ನಿಂದಲ್ಲ, ಮನೆ ಕಟ್ಟುವವರು ರಸ್ತೆ ಬದಿಗೆ ಹಾಕಿದ್ದ ಮರಳಿನಿಂದ. ಮೊಣಕೈಗೆ ಏಳು ಹೊಲಿಗೆ, ಗೇರ್ ಬದಲಿಸುವ ಹಿಂದಿನ ಡಿರೇಲರ್ ಬಾಗಿತು, ಆಸ್ಪತ್ರೆ ಸೈಕಲ್ ಎಲ್ಲ ಸೇರಿ 11 ಸಾವಿರ. ಅಕ್ಕ ಹದಿನೈದು ದಿನ ಮಾತು ಬಿಟ್ಟಳು. ಇದನ್ನು ಓದಿ ಯಾರಾದರೂ ಮೊಪೆಡ್ ಹಿಂದೆ ಹೋಗುವುದಾದರೆ, ಮೊದಲು ನಡೆದುಕೊಂಡು ಹೋಗಿ ರಸ್ತೆ ಪೂರ್ತಿ ನೋಡಿ ಬನ್ನಿ. ನಾನು ಆವತ್ತು ಒಂದು ದಿನ ನೋಡಿರಲಿಲ್ಲ.

2024ರ ಜನವರಿಗೆ ಅವರ ಜೊತೆ ಅಂಕೋಲಾ ಮುಟ್ಟಿದೆ. ಅವರ್ಸಾ ದಾಟಿದ ಮೇಲೆ ಡ್ರಾಪ್ ಆದೆ. ಕಾಲು ಸೋತಿರಲಿಲ್ಲ, ಗಾಳಿ ತಪ್ಪಿತ್ತು. ನಮ್ಮ ಕರಾವಳಿಯಲ್ಲಿ ಆ ತಿಂಗಳು ಬೆಳಿಗ್ಗೆ ಮೂಡಗಾಳಿ, ಘಟ್ಟದಿಂದ ಸಮುದ್ರದ ಕಡೆ. ಹನ್ನೊಂದರ ಮೇಲೆ ಪಡುಗಾಳಿ ಏಳುತ್ತದೆ. ಕಾರವಾರದ ಕಡೆ ಹೋಗುವಾಗ ಬೆಳಗಿನ ಗಾಳಿ ಬಲಕ್ಕೆ ಹೊಡೆಯುತ್ತದೆ, ಅಂದರೆ ಗಾಳಿಮರೆ ಮುಂದಿನವನ ನೇರ ಹಿಂದೆ ಇಲ್ಲ, ಅವನ ಎಡ ಹಿಂಭಾಗದಲ್ಲಿದೆ. ನಾನು ನೇರ ಹಿಂದೆ ಕೂತು, ಮರೆಯಲ್ಲಿದ್ದೇನೆ ಎಂದುಕೊಂಡು ಬೇಯುತ್ತಿದ್ದೆ. ಇದನ್ನು ತಿಳಿಸಿಕೊಟ್ಟವರು ಸೈಕಲ್ಲಿನವರಲ್ಲ, ನನ್ನ ಅಂಗಡಿಗೆ ದೋಣಿ ಇಂಜಿನ್ನಿನ ಬೋಲ್ಟು ಒಯ್ಯಲು ಬರುವ ಒಬ್ಬ ಹಿರಿಯ ಮೀನುಗಾರ. ಎಲ್ಲಿ ಹಳ್ಳದ ಬಾಯಿ ಇದೆಯೋ ಅಲ್ಲಿ ಮೂಡಗಾಳಿ ಜೋರು, ಗುಡ್ಡದ ಮರೆಯಲ್ಲಿ ಇಲ್ಲ ಎಂದರು. ಆ ಪ್ರಕಾರ ಕುಮಟಾದಿಂದ ಕಾರವಾರದ ತನಕ ಎಲ್ಲೆಲ್ಲಿ ಗಾಳಿ ನುಗ್ಗುತ್ತದೆ ಎಂದು ಪಟ್ಟಿ ಮಾಡಿದೆ, ಹದಿನಾಲ್ಕು ಜಾಗ. ಪ್ರತಿ ಜಾಗಕ್ಕೂ ಇನ್ನೂರು ಮೀಟರ್ ಮೊದಲೇ ಸರಿಯಾದ ಬದಿಗೆ ಸರಿದಿರುತ್ತೇನೆ. ಇದು ಹೊರಗಿನಿಂದ ಬಂದ ರಾಷ್ಟ್ರಮಟ್ಟದ ಹುಡುಗರಿಗೂ ಗೊತ್ತಿಲ್ಲದ ವಿದ್ಯೆ ಎಂದು ಹೇಳಲು ನನಗೆ ಹೆಮ್ಮೆಯಿದೆ. ಒಂದೇ ಎಚ್ಚರ: ಎಡಕ್ಕೆ ಸರಿದಾಗ ಡಾಂಬರಿನ ಅಂಚು ಹತ್ತಿರವಾಗುತ್ತದೆ, ಗಾಲಿಗೆ ಗಾಲಿ ಅಡ್ಡ ಬರುವಷ್ಟು ಮುಂದೆ ಹೋಗಬಾರದು.

ತಿನ್ನುವುದರಲ್ಲೂ ಸೋತು ಕಲಿತೆ. ಸವಾರಿಯ ನಡುವೆ ಶಕ್ತಿಗೆ ತಿನ್ನುವ ಜೆಲ್ ಒಂದಕ್ಕೆ ನೂರೈವತ್ತರವರೆಗೂ ಬೆಲೆ, ನಾಲ್ಕು ಗಂಟೆಗೆ ಎಂಟಾದರೂ ಬೇಕು. ವಾರಕ್ಕೆ ಎರಡು ಸವಾರಿಯೆಂದರೆ ಲೆಕ್ಕ ಹಾಕಿ. ಶಿರಸಿ ಕಡೆ ಆಲೆಮನೆಯ ಜೋನಿ ಬೆಲ್ಲ ಕಿಲೋಗೆ ನೂರರ ಹತ್ತಿರ ಸಿಗುತ್ತದೆ. ಅದನ್ನೇ ಹಾಗೇ ಬಾಟಲಿಗೆ ತುಂಬಿದೆ. ಶಿರಸಿಯ ಜನವರಿ ಚಳಿಯಲ್ಲಿ ಹಿಂಡಿದರೂ ಹೊರಗೆ ಬರಲಿಲ್ಲ. ನೀರು ಬೆರೆಸಿದೆ. ಮಾರ್ಚಿನಲ್ಲಿ ಎರಡು ದಿನ ಇಟ್ಟದ್ದು ಹುಳಿಬಂದು ಮುಚ್ಚಳ ಹಾರಿತು. ಅದನ್ನೇ ಕುಡಿದು ಹೊನ್ನಾವರದಲ್ಲಿ ಒಂದು ಗಂಟೆ ಹೊಟ್ಟೆ ಹಿಡಿದು ಕೂತೆ. ಈಗ ಹೊರಡುವ ಬೆಳಿಗ್ಗೆಯೇ ಕಲಸುತ್ತೇನೆ: ಜೋನಿ ಬೆಲ್ಲ, ಮುರುಗಲ (ಕೋಕಂ) ರಸ, ಸಾಣಿಕಟ್ಟೆ ಉಪ್ಪು, ಇನ್ನೊಂದು ಪದಾರ್ಥ. ಪ್ರಮಾಣ ಮತ್ತು ಆ ಇನ್ನೊಂದು ನನ್ನಲ್ಲೇ ಇರಲಿ. ಗಂಟೆಗೆ 60, 70 ಗ್ರಾಂ ಸಕ್ಕರೆ ಅಂಶ ಹೋಗುವ ಲೆಕ್ಕದಲ್ಲಿ ಮಾಡಿದರೆ ನಾಲ್ಕು ಗಂಟೆಗೆ ನಲವತ್ತು ರೂಪಾಯಿ ದಾಟುವುದಿಲ್ಲ. ಕಳೆದ ಸಲ ಹುಡುಗರು ಹೋಗುವಾಗ ಬೆಲ್ಲದ ಎರಡು ಡಬ್ಬಿ ಕಟ್ಟಿಸಿಕೊಂಡು ಹೋದರು.

ಮುರುಗಲದ ಮಾತು ಬಂತು, ಇದನ್ನೂ ಹೇಳಿಬಿಡುತ್ತೇನೆ. ಹಿಮ್ಮಡಿ ಒಡೆದರೆ ನಮ್ಮಲ್ಲಿ ಮುರುಗಲ ತುಪ್ಪ ಹಚ್ಚುತ್ತಾರೆ. ಸೀಟಿನ ಉಜ್ಜುಗಾಯಕ್ಕೆ ಯಾಕಾಗಬಾರದು ಎಂದು ಹಚ್ಚಿದೆ. ಬರೀ ಅದು ಮೇಣದ ಹಾಗೆ ಗಟ್ಟಿ, ಉಪಯೋಗವಿಲ್ಲ. ತೆಂಗಿನೆಣ್ಣೆ ಸೇರಿಸಿ ಕರಗಿಸಿ ಆರಿಸಿದರೆ ಬೆಣ್ಣೆಯ ಹದಕ್ಕೆ ಬರುತ್ತದೆ. ಒಂಬೈನೂರು ರೂಪಾಯಿಯ ಕ್ರೀಮು ತರಿಸುವುದು ಆ ದಿನದಿಂದ ನಿಲ್ಲಿಸಿದೆ. ಅದೇ ಹುಮ್ಮಸ್ಸಿನಲ್ಲಿ ಚೈನಿಗೂ ಹಚ್ಚಿದೆ. ಧೂಳು ಮೆತ್ತಿ ಕ್ಯಾಸೆಟ್ (ಹಿಂದಿನ ಗಾಲಿಯ ಹಲ್ಲುಚಕ್ರಗಳು) ಪೂರ್ತಿ ಕಪ್ಪು ಹಿಟ್ಟಾಯಿತು. ಚೈನಿಗೆ ಕರಗಿಸಿದ ಮೇಣದಬತ್ತಿಯೇ ಸರಿ. ಬಿಸಿನೀರಿನ ಪಾತ್ರೆಯೊಳಗೆ ಪಾತ್ರೆ ಇಟ್ಟು ಕರಗಿಸಿ ಅದ್ದಿದರೆ ಒಣ ದಿನಗಳಲ್ಲಿ 250 ಕಿ.ಮೀ. ಬರುತ್ತದೆ. ಮಳೆಗಾಲದಲ್ಲಿ ಒಂದು ಸವಾರಿಗೇ ಮುಗಿಯಿತು, ಸಂಜೆಯೊಳಗೆ ತುಕ್ಕು. ಸಮುದ್ರದ ಉಪ್ಪುಗಾಳಿಯಲ್ಲಿ ಇರುವ ನಾವು ಜೂನ್‌ನಿಂದ ಎಣ್ಣೆಗೇ ಮರಳಬೇಕು.

ಇನ್ನು ಆ ಬುಧವಾರ. ಆರೂಕಾಲಿಗೆ ಕುಮಟಾ ಬಿಟ್ಟೆವು. ಮೊದಲ ಸಲ ನನ್ನನ್ನು ಕಳಚಿಹಾಕಿದ ಮಿರ್ಜಾನ್ ಸುಮ್ಮನೆ ದಾಟಿತು, ಬಡಿತ 141. ಶಿರೂರಿನಲ್ಲಿ ಯಾರೂ ವೇಗ ಹಾಕಬಾರದು ಎಂದು ಮೊದಲೇ ಹೇಳಿದ್ದೆ. 2024ರ ಜುಲೈ 16ರಂದು ಗುಡ್ಡ ಕುಸಿದು ಜೀವಗಳು ಹೋದ ಜಾಗ ಅದು. ಹುಡುಗರು ತಾವಾಗಿಯೇ ಮಾತು ನಿಲ್ಲಿಸಿ ಒಂದೇ ಸಾಲಿನಲ್ಲಿ ನಿಧಾನ ದಾಟಿದರು. ಅಂಕೋಲಾ ಕಳೆದ ಮೇಲೆ ಅವರು 36ಕ್ಕೆ ಏರಿಸಿದರು. 30ರಿಂದ 36ಕ್ಕೆ ಹೋದರೆ ಗಾಳಿಗೆ ಕೊಡುವ ಶಕ್ತಿ ಒಂದೂಮುಕ್ಕಾಲು ಪಟ್ಟು ಹತ್ತಿರವಾಗುತ್ತದೆ, ಒಂಟಿಯಾಗಿದ್ದರೆ ಅಲ್ಲೇ ಮುಗಿಯುತ್ತಿದ್ದೆ. ಎಡ ಹಿಂಭಾಗದಲ್ಲಿ ಕೂತು ಹಟ್ಟಿಕೇರಿ, ಅಮದಳ್ಳಿ ದಾಟಿದೆ.

ಭಯ ಇದ್ದದ್ದು ಬಿಣಗಾದ ಏರಿಗೆ. ಅಲ್ಲಿಗೆ ಒಂದು ಉಪಾಯ ಇಟ್ಟುಕೊಂಡಿದ್ದೆ: ಏರು ಶುರುವಾಗುವ ಮೊದಲೇ ಸಾಲಿನ ಮುಂದಕ್ಕೆ ಹೋಗಿ, ನನ್ನ ವೇಗದಲ್ಲೇ ಹತ್ತುತ್ತ, ಒಬ್ಬೊಬ್ಬರೇ ದಾಟಿ ಹೋದ ಹಾಗೆ ಹಿಂದೆ ಜಾರುತ್ತ ಬರುವುದು. ಐದು ಸೈಕಲ್ಲಿನ ಉದ್ದ, ಮಧ್ಯದ ಅಂತರ ಸೇರಿ ಸುಮಾರು ಹತ್ತು ಮೀಟರ್ ಮುಂಗಡ ಸಿಗುತ್ತದೆ. ನೆತ್ತಿಯಲ್ಲಿ ನಾನು ಕೊನೆಯವನು, ಬಡಿತ 171, ಆದರೆ ಮುಂದಿನ ಗಾಲಿ ಕೈಗೆಟುಕುವಷ್ಟು ಹತ್ತಿರ. ಅವರು ಎದ್ದು ನಿಂತು ಪೆಡಲ್ ಹೊಡೆಯುವ ಮೊದಲು ಒಂದು ಸಣ್ಣ ಸೂಚನೆ ಮೈಯಲ್ಲಿ ಕಾಣುತ್ತದೆ. ನಿಂತಾಗ ಸೈಕಲ್ ಅರ್ಧ ಅಡಿ ಹಿಂದೆ ಬರುತ್ತದಲ್ಲ, ಅದಕ್ಕೆ ಸಿಕ್ಕಿಬೀಳದಿರಲು ಅದನ್ನು ಓದುವುದು ಕಲಿತಿದ್ದೇನೆ. ಯಾವ ಸೂಚನೆ ಎಂದು ಹೇಳುವುದಿಲ್ಲ. ಆರು ತಿಂಗಳು ಹಿಂದೆ ಕೂತು ನೋಡಿದರೆ ನಿಮಗೂ ಸಿಗುತ್ತದೆ.

ಕಾರವಾರದ ಠಾಗೋರ್ ಕಡಲತೀರದಲ್ಲಿ ಚಹಾ ಕುಡಿದೆವು. ವಾಪಸ್ ಹೊರಟೆವು. ಮಾದನಗೇರಿ ಕ್ರಾಸ್ ದಾಟಿದ ಮೇಲೆ ಹಿರಿಯ ಹುಡುಗ ತಿರುಗಿ ನೋಡಿ, "ಅಣ್ಣಾರ, ಒಂದ್ ಪುಲ್ ಕೊಡ್ರಿ ಈಗ" ಅಂದ. ಮೂರು ವರ್ಷದ ಹಿಂದೆ ಮುಂದೆ ಬರಬೇಡಿ ಎಂದವನೇ ಅವನು. 34ರಲ್ಲಿ ಒಂದೇ ಸಮ, ಒಂದೂವರೆ ಕಿ.ಮೀ. ಎಳೆದೆ. ಮೀಟರಿನ ಅಂಕಿ ಒಂದು ಆಚೆ ಈಚೆ ಆಗಲಿಲ್ಲ. ಮೊಣಕೈ ಅಲ್ಲಾಡಿಸಿ ಪಕ್ಕಕ್ಕೆ ಸರಿದಾಗ ನಾಲ್ವರೂ ಹಿಂದೆಯೇ ಇದ್ದರು.

ದೇವಿಮನೆ ಇನ್ನೂ ಬಾಕಿ. ಘಟ್ಟದಲ್ಲಿ ಗಾಳಿಮರೆ ನಡೆಯುವುದಿಲ್ಲ, ಅಲ್ಲಿ ತೂಕ ಮತ್ತು ಕಾಲು ಮಾತ್ರ. ಬುಡದಿಂದ ಗುಡಿಯ ತನಕ ಅವರು 24 ನಿಮಿಷ ತೆಗೆದುಕೊಂಡರು, ನಾನು 39. ಅದಕ್ಕೆ 34 ಹಲ್ಲಿನ ಕ್ಯಾಸೆಟ್ ಹಾಕಿಸಿದ್ದೇನೆ. ತೂಕ 74ರಿಂದ 70ಕ್ಕೆ ಇಳಿಸುತ್ತಿದ್ದೇನೆ, ಸದ್ಯಕ್ಕೆ 72. ಕತಗಾಲದಿಂದ ಮೇಲಕ್ಕೆ ಪ್ರತಿ ಭಾನುವಾರ ಹೋಗುತ್ತೇನೆ. ಮೊನ್ನೆ 35 ನಿಮಿಷಕ್ಕೆ ಗುಡಿ ಮುಟ್ಟಿದೆ.