ಭಾರದ ಜೋಡಣೆ ಕೆಲಸವೇ? ಮೊದಲು ಟೇಬಲ್ ಎತ್ತರ ನೋಡಿ

ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳ ಕಡೆ ವಾಲ್ವ್, ಪಂಪ್, ಗೇರ್‌ಬಾಕ್ಸ್ ಜೋಡಿಸುವ ಶೆಡ್ ನಡೆಸುವವರಿಗೆ ಒಂದು ಸಲಹೆ. ಎಲ್ಲರಿಗೂ ಒಂದೇ ಎತ್ತರದ ಟೇಬಲ್ ವೆಲ್ಡ್ ಮಾಡಿಸಬೇಡಿ. ಎತ್ತರದ ಫಿಟ್ಟರ್‌ಗೆ ಸೊಂಟ ನೋವು, ಗಿಡ್ಡ ಇರುವವರಿಗೆ ಭುಜ ನೋವು ಶುರುವಾಗುತ್ತದೆ.

ಅಳತೆ ಸುಲಭ. ಫಿಟ್ಟರ್ ನೆಟ್ಟಗೆ ನಿಂತು ಮೊಣಕೈ ಮಡಚಲಿ. ಬಲ ಹಾಕಿ ಬೋಲ್ಟ್ ಬಿಗಿಯುವ ಕೆಲಸಕ್ಕೆ ಕೈ ಆಡುವ ಜಾಗ ಮೊಣಕೈಗಿಂತ ಸುಮಾರು 20ರಿಂದ 40 ಸೆಂ.ಮೀ. ಕೆಳಗಿರಬೇಕು. ಬಹಳ ಜನ ಸುಮ್ನೆ ಟೇಬಲ್ ಎತ್ತರ ಅಳೆದು ಬಿಡುತ್ತಾರೆ, ಆದರೆ ಅದರ ಮೇಲೆ 50 ಸೆಂ.ಮೀ. ಎತ್ತರದ ಹೌಸಿಂಗ್ (ಪಂಪ್, ಗೇರ್‌ಬಾಕ್ಸ್‌ನ ಹೊರಕವಚ) ಕೂತರೆ ಬೋಲ್ಟ್ ಎಷ್ಟು ಮೇಲೆ ಬರುತ್ತದೆ ಅನ್ನೋದನ್ನೇ ಅಳೆಯಬೇಕು, ಅಲ್ವಾ? ಅದಕ್ಕೇ ಹೈಡ್ರಾಲಿಕ್ ಸಿಸರ್ ಲಿಫ್ಟ್ ಟೇಬಲ್ ಒಳ್ಳೆಯದು, ಕೆಲಸ ಸಾಗಿದಂತೆ ಏರಿಸಬಹುದು, ಇಳಿಸಬಹುದು. ಕೊಳ್ಳುವಾಗ ಜಾಬ್ (ಜೋಡಿಸುವ ವಸ್ತು) ಜೊತೆಗೆ ಅದನ್ನು ಹಿಡಿದಿಡುವ ಫಿಕ್ಸ್ಚರ್ ತೂಕವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಮೇಲೊಂದು ತಿರುಗುವ ಪ್ಲೇಟ್ ಹಾಕಿಸಿ, ಲಾಕ್ ಪಿನ್ ಮರೆಯಬೇಡಿ. ಜಾಬ್ ತಿರುಗಲಿ, ಫಿಟ್ಟರ್ ಸೊಂಟ ತಿರುಚೋದು ಬೇಡ. ಬೋಲ್ಟ್ ಬಿಗಿಯುವ ಇಂಪ್ಯಾಕ್ಟ್ ರೆಂಚನ್ನು, ಅದರ ಭಾರ ಹೊರುವ ಸ್ಪ್ರಿಂಗ್ ಬ್ಯಾಲೆನ್ಸರ್‌ಗೆ ತೂಗುಹಾಕಿ.

ಇನ್ನು ಎತ್ತುವ ವಿಷಯ. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಶೋಧನಾ ಸಂಸ್ಥೆ ನಿಯೋಶ್‌ನ (NIOSH) ಸೂತ್ರದ ಪ್ರಕಾರ ಎಲ್ಲ ಅನುಕೂಲ ಇದ್ದಾಗಲೂ ಒಬ್ಬರು ಎತ್ತುವ ಭಾರದ ಮಿತಿ 23 ಕೆ.ಜಿ. ಬಾಗಿ, ಕೈ ಚಾಚಿ ಎತ್ತಿದರೆ ಇನ್ನೂ ಕಡಿಮೆ. ನಮ್ಮ ಶೆಡ್‌ಗಳಲ್ಲಿ ಇದಕ್ಕಿಂತ ಜಾಸ್ತಿ ಭಾರ ಕೈಯಲ್ಲೇ ಎತ್ತಿಸೋದು ನಿಲ್ಲಬೇಕು. ಭಾರ ಎತ್ತುವ ಚೈನ್ ಪುಲ್ಲಿ ಬ್ಲಾಕ್ ಟೇಬಲ್‌ನ ನೇರ ಮೇಲೆಯೇ ತೂಗುತ್ತಾ ಕೈಗೆ ಸಿಗುವಂತಿರಲಿ. ದೂರದ ಮೂಲೆಯಲ್ಲಿದ್ದರೆ ಅದನ್ನು ತರೋಕೆ ಯಾರೂ ಹೋಗುವುದಿಲ್ಲ, ಇಬ್ಬರು ಸೇರಿ ಎತ್ತೇ ಬಿಡುತ್ತಾರೆ.