ಬಾರಕೂರು ಮೊದಲು, ಸಂಗ್ರಹಾಲಯ ಆಮೇಲೆ

ವಿಜಯಪುರ ಜಿಲ್ಲೆಯ ಕಾಲೇಜೊಂದರಿಂದ ಇತಿಹಾಸ ಪ್ರವಾಸಕ್ಕೆಂದು ಉಡುಪಿಗೆ ಬಂದ ನಲವತ್ತು ವಿದ್ಯಾರ್ಥಿಗಳಿಗೆ ತುಳುನಾಡಿನ ಹಳೆಯ ರಾಜಧಾನಿಯಾದ ಬಾರಕೂರನ್ನು ತೋರಿಸುವ ಹೊಣೆ ಮೊದಲ ಸಲ ನನ್ನ ಪಾಲಿಗೆ ಬಂದಾಗ, ನಾನೂ ಎಲ್ಲರಂತೆ ಬೆಳಿಗ್ಗೆ ಕೃಷ್ಣಮಠ, ಅನಂತರ ಸಂಗ್ರಹಾಲಯ, ಊಟ ಮುಗಿದ ಮೇಲೆ ಬಾರಕೂರು ಎಂದು ದಿನವನ್ನು ಹಂಚಿಕೊಂಡಿದ್ದೆ. ಬ್ರಹ್ಮಾವರದಲ್ಲಿ ಹೆದ್ದಾರಿ ಬಿಟ್ಟು ಒಳಗೆ ಬಂದ ಬಸ್ಸಿನಿಂದ ಇಳಿದು, ತೆಂಗಿನ ತೋಟಗಳನ್ನೂ ಹೆಂಚಿನ ಮನೆಗಳನ್ನೂ ಸುತ್ತ ನೋಡಿದ ಒಬ್ಬ ಹುಡುಗ, "ರಾಜಧಾನಿ ಎಲ್ಲೈತ್ರಿ ಸರ್?" ಎಂದು ಕೇಳಿದ. ಗೋಳಗುಮ್ಮಟವನ್ನು ಕಂಡು ಬೆಳೆದವರಿಗೆ ಅದು ಸಹಜವಾದ ಪ್ರಶ್ನೆ. ಆಳುಪ ಅರಸರು ಮಂಗಳೂರು, ಉದ್ಯಾವರಗಳ ಬಳಿಕ ಇಲ್ಲಿಂದ ತುಳುನಾಡನ್ನು ಆಳಿದರೆಂದೂ, ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯದ, ಅಂದರೆ ಪ್ರಾಂತ್ಯದ, ಅಧಿಕಾರಿ ಇಲ್ಲಿಯೇ ಇರುತ್ತಿದ್ದನೆಂದೂ ನಾನು ಹೇಳಿದೆ. ಅವರು ಮರ್ಯಾದೆಯಿಂದ ಕೇಳಿಸಿಕೊಂಡರು, ಅಷ್ಟೇ.

ಮರುವರ್ಷದಿಂದ ಕ್ರಮವನ್ನು ತಿರುಗಿಸಿದೆ. ಈಗ ಉಡುಪಿಯಿಂದ ಬೆಳಿಗ್ಗೆ ಏಳಕ್ಕೆ ಹೊರಟು, ಸುಮಾರು 16 ಕಿಲೋಮೀಟರ್ ದೂರದ ಬಾರಕೂರನ್ನು ಬಿಸಿಲೇರುವ ಮೊದಲೇ ತಲುಪುತ್ತೇವೆ. ಇಳಿದ ಕೂಡಲೇ ದೇವಸ್ಥಾನಕ್ಕಾಗಲಿ ಬಸದಿಗಾಗಲಿ ಕರೆದೊಯ್ಯುವುದಿಲ್ಲ. ಮೊದಲು ಕೇರಿಗಳ ಹೆಸರು ಬರೆದುಕೊಳ್ಳಲು ಹೇಳುತ್ತೇನೆ. ಕೋಟೆಕೇರಿ, ಮೂಡುಕೇರಿ, ಮಣಿಗಾರಕೇರಿ, ಚೌಳಿಕೇರಿ ಎಂಬ ಹೆಸರುಗಳು ಇಂದಿಗೂ ಜನರ ಬಾಯಲ್ಲಿವೆ. ಶಾಸನಗಳಲ್ಲಿ ಬರುವ "ಹತ್ತು ಕೇರಿ" ಮತ್ತು ಅಲ್ಲಿಯ ವರ್ತಕ ಸಮುದಾಯವಾದ "ಹಲರು" ಎಂಬ ಮಾತುಗಳನ್ನು ವಿವರಿಸಿದ ಮೇಲೆ, ಕಾಲಡಿಯ ದಾರಿಯೇ ರಾಜಧಾನಿಯ ಪೇಟೆಯಾಗಿತ್ತೆಂಬುದು ಅವರಿಗೆ ತಾನಾಗಿ ಹೊಳೆಯುತ್ತದೆ. 14ನೆಯ ಶತಮಾನದಲ್ಲಿ ಈ ಕರಾವಳಿಯಲ್ಲಿ ಹಾದುಹೋದ ಪ್ರವಾಸಿ ಇಬ್ನ್ ಬತೂತ ಬಾರಕೂರನ್ನು ಫಾಕನೂರ್ ಎಂದು ಕರೆದು, ಇಲ್ಲಿಯ ಕಬ್ಬನ್ನು ಹೊಗಳಿದ್ದಾನೆ. ಬ್ರಹ್ಮಾವರದಲ್ಲಿ ಮುಚ್ಚಿಹೋದ ಸಕ್ಕರೆ ಕಾರ್ಖಾನೆಯ ವಿಷಯವನ್ನು ಇದರ ಜೊತೆಗೇ ಹೇಳುತ್ತೇನೆ. ಎರಡಕ್ಕೂ ನೇರ ಸಂಬಂಧವಿಲ್ಲದಿದ್ದರೂ, ಸೀತಾನದಿಯ ಬಯಲಿನ ಮಣ್ಣು ಮಕ್ಕಳ ನೆನಪಿನಲ್ಲಿ ಉಳಿಯಬೇಕೆಂಬುದು ನನ್ನ ಆಸೆ.

ಹೆಚ್ಚು ಹೊತ್ತು ಕಳೆಯುವುದು ಕತ್ತಲೆ ಬಸದಿಯಲ್ಲಿ. ಮಳೆನೀರು ಜಾರಿಹೋಗುವಂತೆ ಮಾಡಿಗೆ, ಅಂದರೆ ಚಾವಣಿಗೆ, ಇಳಿಜಾರಾಗಿ ಹೊದಿಸಿದ ಕಲ್ಲುಚಪ್ಪಡಿಗಳನ್ನು ತೋರಿಸಿ, "ನಿಮ್ಮ ಊರಿನ ಗುಡಿಗಳಿಗೆ ಇಂಥ ಮಾಡು ಇದೆಯೇ?" ಎಂದು ಕೇಳುತ್ತೇನೆ. ಉತ್ತರ ಅವರೇ ಹುಡುಕಬೇಕು. ಶಾಸನದ ಮುಂದೆ ನಿಂತಾಗ ಅಕ್ಷರ ಕಾಣುವುದಿಲ್ಲವೆಂದು ಹಲವರು ಕೈಬಿಡುತ್ತಾರೆ; ಆಗ ಒಬ್ಬರ ಮೊಬೈಲಿನ ಟಾರ್ಚನ್ನು ಕಲ್ಲಿನ ಅಂಚಿಗೆ ತಾಗುವಂತೆ ಪಕ್ಕದಿಂದ ಹಿಡಿಸುತ್ತೇನೆ. ಎದುರಿನಿಂದ ಬೆಳಕು ಬಿದ್ದಾಗ ಬರಿಯ ಬೂದುಗಲ್ಲಾಗಿದ್ದದ್ದು, ಅಡ್ಡಬೆಳಕಿನಲ್ಲಿ ಗೆರೆ ಗೆರೆಯಾಗಿ ನೆರಳು ತುಂಬಿಕೊಂಡು ಸಾಲಾಗುತ್ತದೆ. ಕಳೆದ ಬಾರಿ ಒಬ್ಬ ಹುಡುಗಿ ಮೊದಲ ಸಾಲಿನ "ಸ್ವಸ್ತಿ"ಯನ್ನು ಬೆರಳು ತಾಗಿಸದೆ, ಗಾಳಿಯಲ್ಲೇ ತಿದ್ದುತ್ತಾ ಓದಿದಳು. ಸುಣ್ಣವನ್ನಾಗಲಿ ಸೀಮೆಸುಣ್ಣವನ್ನಾಗಲಿ ಅಕ್ಷರಗಳಿಗೆ ತುಂಬಲು ನಾನು ಎಂದೂ ಬಿಡುವುದಿಲ್ಲ, ಏಕೆಂದರೆ ಒಮ್ಮೆ ಹಾಳಾದ ಕಲ್ಲಿಗೆ ಮತ್ತೆ ಬಾಯಿ ಬರುವುದಿಲ್ಲ.

ಕೋಟೆಯ ಅವಶೇಷಗಳ ಬಳಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಮುರಕಲ್ಲಿನ (ಜಂಬಿಟ್ಟಿಗೆಯ) ಮೇಲೆ ಪಾಚಿ ಇದ್ದರೆ ಹತ್ತಬಾರದೆಂಬ ಎಚ್ಚರಿಕೆ ಸಾಕು. ಈ ಕಾರಣಕ್ಕೇ ಪ್ರವಾಸವನ್ನು ಡಿಸೆಂಬರ್ ಜನವರಿಯಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಅರಮನೆ ಏಕೆ ಉಳಿದಿಲ್ಲ ಎಂಬ ಪ್ರಶ್ನೆ ಇಲ್ಲಿ ತಪ್ಪದೆ ಬರುತ್ತದೆ. ಮರ ಮತ್ತು ಮುರಕಲ್ಲಿನಿಂದ ಕಟ್ಟುವ ನಾಡಿನಲ್ಲಿ, ಇಲ್ಲಿಯ ಮಳೆಗೆ ಏನು ಉಳಿಯುತ್ತದೆ, ಏನು ಕರಗುತ್ತದೆ ಎಂದು ಯೋಚಿಸಿರಿ ಎಂದಷ್ಟೇ ಹೇಳಿ ಬಸ್ಸು ಹತ್ತಿಸುತ್ತೇನೆ. ಆ ಪ್ರಶ್ನೆಯನ್ನು ಹೊತ್ತುಕೊಂಡೇ ಅವರು ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮವನ್ನು ನೋಡಬೇಕೆಂಬುದು ನನ್ನ ಉದ್ದೇಶ. ವಿಜಯನಾಥ ಶೆಣೈಯವರು ಬೇರೆ ಬೇರೆ ಊರುಗಳಲ್ಲಿ ಕೆಡವಲು ಹೊರಟಿದ್ದ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ನಿಲ್ಲಿಸಿದರು. ಕುಂಜೂರು ಚೌಕಿಮನೆಯ ಅಂಗಳದಲ್ಲಿ ನಿಂತು, ಮಾಡಿನ ನಾಲ್ಕು ಅಂಚುಗಳನ್ನು ನೋಡುವಾಗ ಬೆಳಗಿನ ಇಳಿಜಾರಿನ ಕಲ್ಲುಚಪ್ಪಡಿಗಳು ಯಾರಾದರೊಬ್ಬರಿಗೆ ನೆನಪಾಗಿಯೇ ಆಗುತ್ತವೆ.

ಕೊನೆಯದು ಉಡುಪಿಯಲ್ಲಿ, 1906ರಲ್ಲಿ ಕಾರ್ಪೊರೇಷನ್ ಬ್ಯಾಂಕನ್ನು ಕಟ್ಟಿದ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲಿರುವ ನಾಣ್ಯ ಸಂಗ್ರಹಾಲಯ. ಯಾವ ಸಂಗ್ರಹಾಲಯಕ್ಕಾದರೂ ಹಿಂದಿನ ದಿನವೇ ಫೋನ್ ಮಾಡಿ ಕೇಳುವುದನ್ನು ನಾನು ಅನುಭವದಿಂದಲೇ ಕಲಿತೆ. ಒಮ್ಮೆ ರಜೆಯ ದಿನವೆಂದು ತಿಳಿಯದೆ ನಲವತ್ತು ಮಕ್ಕಳನ್ನು ಬೇರೊಂದು ಸಂಗ್ರಹಾಲಯದ ಮುಚ್ಚಿದ ಬಾಗಿಲ ಮುಂದೆ ನಿಲ್ಲಿಸಿದ್ದೆ. ದೂರದಿಂದ ಬಂದವರ ಅರ್ಧ ದಿನ ನನ್ನಿಂದ ಹೋಯಿತೆಂಬ ನೋವು ಈಗಲೂ ಇದೆ.

ನಾಣ್ಯಗಳ ಮುಂದೆ ನಿಲ್ಲುವ ಮೊದಲು, ಆಳುಪರ ಜೋಡಿ ಮೀನಿನ ಲಾಂಛನವಿರುವ ಹೊನ್ನಿನ ನಾಣ್ಯದ ದೊಡ್ಡ ಚಿತ್ರವೊಂದನ್ನು ಕೈಯಿಂದ ಕೈಗೆ ದಾಟಿಸುತ್ತೇನೆ. ಅದರ ಮೇಲಿನ "ಪಾಂಡ್ಯ ಧನಂಜಯ" ಎಂಬ ಬಿರುದನ್ನೂ, ಶಾಸನಗಳಲ್ಲಿ ಬರುವ "ಬಾರಕೂರ ಗದ್ಯಾಣ" ಎಂಬ ನಾಣ್ಯದ ಹೆಸರನ್ನೂ ಹೇಳಿ, ಪ್ರತಿಯೊಬ್ಬರೂ ಒಂದೇ ಒಂದು ನಾಣ್ಯವನ್ನು ಆರಿಸಿ, ಅದರ ಎರಡೂ ಮುಖಗಳನ್ನು ಪೆನ್ಸಿಲಿನಲ್ಲಿ ಬರೆಯಲು ತಿಳಿಸುತ್ತೇನೆ. ಕಳೆದ ಬಾರಿ ಟಾರ್ಚು ಹಿಡಿದಿದ್ದ ಹುಡುಗ ಚಿತ್ರ ಮುಗಿಸಿದ ಮೇಲೆ ನನ್ನ ಬಳಿ ಬಂದು, "ಸರ್, ಗದ್ಯಾಣ ತಗೊಂಡು ಯಾವ ಕೇರ್ಯಾಗ ಏನ್ ಕೊಳ್ತಿದ್ರಿ?" ಎಂದು ಕೇಳಿದ. ನಾವಿಬ್ಬರೂ ಸಂಗ್ರಹಾಲಯದ ಬೆಂಚಿನ ಮೇಲೆ ಕುಳಿತು, ಅವನು ಬೆಳಿಗ್ಗೆ ಬರೆದುಕೊಂಡಿದ್ದ ಕೇರಿಗಳ ಪಟ್ಟಿಯನ್ನು ಮತ್ತೆ ತೆರೆದೆವು.